ಷೇರುಬೆಲೆಯ ಹಳೆಯ ಪಟ್ಟಿ: ಒಂದು ಪಾಠವಿಚಾರ

ಬೆಂಗಳೂರಿನ ಇನ್‌ಫೋಸಿಸ್ ಕಂಪೆನಿಯು ೧೯೯೩ನೆಯ ಇಸವಿ ಫೆಬ್ರವರಿಯಲ್ಲಿ ತನ್ನ ಷೇರುಗಳನ್ನು ಮೊತ್ತಮೊದಲು ಸಾರ್ವಜನಿಕರ ಮುಂದಿಟ್ಟಾಗ ಒಂದು ಷೇರಿಗೆ ೯೫ ರೂಪಾಯಿ ಬೆಲೆ ಕಟ್ಟಿತ್ತು. ಅದೇ ವರ್ಷ ಜೂನ್ ತಿಂಗಳಲ್ಲಿ ಆ ಷೇರು ಪೇಟೆಗೆ ಬಂದಾಗ ೧೪೫ ರೂಪಾಯಿಗೆ ವ್ಯವಹಾರವು ಮೊದಲಾಯಿತು. ಇದು ನಿರ್ವಿವಾದವಾದ ದಾಖಲೆ. ಆದರೆ ಅದೇ ಬೆಲೆಗಳನ್ನು ಇಂದಿನ ಕ್ರಮದಂತೆ ಶೋಧಿಸಿ ಬರೆದರೆ ಆ ೯೫ ರೂಪಾಯಿಯು ಒಂಬತ್ತು ಪೈಸೆಗಿಂತ ಅತ್ಯಲ್ಪ ಹೆಚ್ಚಾಗಿಯೂ, ೧೪೫ ರೂಪಾಯಿಯು ಹದಿನಾಲ್ಕು ಪೈಸೆಯಾಗಿಯೂ ತೋರುತ್ತದೆ. ಎರಡು ಲೆಕ್ಕಗಳೂ ಸಾಧುವೇ. ಒಂದೇ ದಿನದ ಒಂದೇ ವಸ್ತುವಿನ ಬೆಲೆಗೆ ಇಷ್ಟು ದೂರವಾದ ಎರಡು ಪಾಠಗಳು ಹೇಗೆ ಹುಟ್ಟಿದುವು, ಯಾವ ಸಂದರ್ಭದಲ್ಲಿ ಯಾವುದನ್ನು ಗ್ರಹಿಸತಕ್ಕದ್ದು ಎಂಬುದೇ ಈ ಲೇಖನದ ವಿಷಯ.

ಸಾಹಿತ್ಯಶಾಸನಗಳ ವಿಚಾರಕ್ಕೆ ಮೀಸಲಾದ ಪತ್ರಿಕೆಯಲ್ಲಿ ಪೇಟೆಯ ಮಾತೇಕೆಂದು ಕೆಲವರು ಆಕ್ಷೇಪಿಸಬಹುದು. ಇದಕ್ಕೆ ಎರಡು ಸಮಾಧಾನಗಳುಂಟು. ಕೇಂದ್ರ ಸರ್ಕಾರದಲ್ಲಿ ೨೦೦೪ರಿಂದಲೂ ಕರ್ನಾಟಕದಲ್ಲಿ ೨೦೦೬ರಿಂದಲೂ ಸೇವೆಗೆ ಸೇರಿದವರಿಗೆ ಹೊಸ ನಿವೃತ್ತಿವೇತನ ಪದ್ಧತಿಯು ಅನ್ವಯವಾದ ಮೇಲೆ, ಅಧ್ಯಾಪಕರ ಮುಪ್ಪಿನ ಹಣದ ಒಂದಂಶವು ಅವರು ಬಯಸಿದರೂ ಬಯಸದಿದ್ದರೂ ಷೇರುಪೇಟೆಯನ್ನು ಹೊಕ್ಕಿದೆ. ಆದಕಾರಣ ನಮಗೆ ಸಂಬಂಧವಿಲ್ಲವೆಂದು ಹೇಳುವಂತಿಲ್ಲ. ಎರಡನೆಯದು, ಈ ಪಟ್ಟಿಗಳನ್ನು ಓದುವ ಕೆಲಸವು ಓಲೆಯ ಪ್ರತಿಗಳನ್ನು ಹೋಲಿಸಿ ಪಾಠ ನಿರ್ಣಯಿಸುವ ಕೆಲಸಕ್ಕೆ ತೀರ ಸಮೀಪವಾದದ್ದು. ಅದನ್ನು ಬಲ್ಲವರು ಇದನ್ನೂ ಬೇಗ ಗ್ರಹಿಸುವರೆಂದು ನನ್ನ ನಂಬಿಕೆ. ಹೀಗೆ ಹೇಳುವ ನಾನು ಮಾತ್ರ ಬೇಗ ಗ್ರಹಿಸಲಿಲ್ಲ. ಆ ಸಂಗತಿಯನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ.

ನಮ್ಮ ಮನೆತನದ ಹಿರಿಯರೊಬ್ಬರು, ತಂದೆಯಿಲ್ಲದ ಹುಡುಗನೊಬ್ಬನ ವಿದ್ಯಾಭ್ಯಾಸಕ್ಕಾಗಿ ಇಟ್ಟಿದ್ದ ಹಣವನ್ನು ನೋಡಿಕೊಳ್ಳುತ್ತಿದ್ದರು. ಅದರಲ್ಲಿ ಸ್ವಲ್ಪವನ್ನು ಒಂದು ಕಂಪೆನಿಯ ಷೇರುಗಳಿಗೆ ತೊಡಗಿಸಿದ್ದರು. ಕಂಪೆನಿಯ ಹೆಸರು ಇಲ್ಲಿ ಬೇಕಿಲ್ಲ. ಅವರ ಲೆಕ್ಕದ ಪುಸ್ತಕದಲ್ಲಿ, ಇಂಥ ದಿನ ಐವತ್ತು ಷೇರುಗಳನ್ನು ತಲಾ ೩,೨೦೦ ರೂಪಾಯಿಯಂತೆ ೧,೬೦,೦೦೦ ರೂಪಾಯಿಗೆ ಕೊಂಡದ್ದೆಂದು ಬರೆದಿತ್ತು. ಎರಡು ವರ್ಷಗಳಾದ ಮೇಲೆ ಆ ಪುಸ್ತಕವನ್ನು ಪರೀಕ್ಷಿಸುವ ಭಾರ ನನ್ನ ಮೇಲೆ ಬಿತ್ತು. ನಾನು ಆ ಕಂಪೆನಿಯ ಹಳೆಯ ಬೆಲೆಗಳ ಪಟ್ಟಿಯನ್ನು ತೆರೆಸಿ ನೋಡಿದೆನು. ಆ ದಿನದ ಮುಂದೆ ೧,೬೦೦ ಎಂದಿತ್ತು. ಅರ್ಧ ಹಣ ಎಲ್ಲಿಗೆ ಹೋಯಿತೆಂಬ ಶಂಕೆಯು ಕೂಡಲೆ ಮನಸ್ಸಿನಲ್ಲಿ ನೆಟ್ಟಿತು. ಎಂಭತ್ತು ಸಾವಿರ ರೂಪಾಯಿಗಳಿಗೆ ಸಮಜಾಯಿಷಿ ಬೇಡಿ, ವಿನಯದ ಮಾತುಗಳಲ್ಲಿ ಸುತ್ತಿದ, ಆದರೆ ಅರ್ಥದಲ್ಲಿ ಕ್ರೂರವಾದ ಕಾಗದವನ್ನು ಅವರಿಗೆ ಬರೆದೆನು. ಅವರು ಉತ್ತರವಾಗಿ ಒಂದು ಮಾತನ್ನೂ ಬರೆಯಲಿಲ್ಲ. ಕಂಪೆನಿಯು ಮಧ್ಯದಲ್ಲಿ ಒಂದಕ್ಕೊಂದರಂತೆ ಬೋನಸ್ ಷೇರು ಕೊಟ್ಟ ತಿಳಿವಳಿಕೆಪತ್ರವನ್ನು ಮಾತ್ರ ಮಡಿಸಿ ಕಳುಹಿಸಿದರು. ಪುಸ್ತಕದ ಮುಂದಿನ ಪುಟದಲ್ಲಿ ಐವತ್ತು ಷೇರುಗಳು ನೂರಾಗಿದ್ದುವು. ನಾನು ಆ ಪುಟವನ್ನು ತಿರುವಿರಲೇ ಇಲ್ಲ. ಅನಂತರವೂ ಅವರು ನಮ್ಮ ಮನೆಗೆ ಬರುತ್ತಿದ್ದರು, ಎಂದಿನಂತೆ ಮಾತನಾಡುತ್ತಿದ್ದರು. ಆ ಕಾಗದದ ವಿಷಯವನ್ನು ಮಾತ್ರ ಕಡೆಯವರೆಗೂ ಎತ್ತಲಿಲ್ಲ.

ಈಗ ವಿಷಯಕ್ಕೆ ಬರೋಣ. ಬೆಲೆಯ ಪಟ್ಟಿಯಲ್ಲಿ ಒಂದೊಂದು ದಿನಕ್ಕೆ ಸಾಮಾನ್ಯವಾಗಿ ಐದು ಅಂಕಣಗಳಿರುತ್ತವೆ: ದಿನದ ಮೊದಲ ವ್ಯವಹಾರದ ಬೆಲೆ, ಆ ದಿನ ಮುಟ್ಟಿದ ಉಚ್ಚ, ಮುಟ್ಟಿದ ನೀಚ, ಮುಕ್ತಾಯದ ಬೆಲೆ, ಕೈಬದಲಾದ ಷೇರುಗಳ ಸಂಖ್ಯೆ. (ಉಚ್ಚನೀಚಗಳೆಂದೊಡನೆ ಜ್ಯೋತಿಷ್ಯವು ನೆನಪಾಗುವುದು ಸಹಜ, ಪೇಟೆಯವರಲ್ಲಿ ಕೆಲವರು ಈ ಅಂಕಣಗಳನ್ನು ಜಾತಕದಂತೆಯೇ ಓದುತ್ತಾರೆಂಬುದೂ ನಿಜ.) ಮುಕ್ತಾಯದ ಬೆಲೆಯೆಂದರೆ ಕಟ್ಟಕಡೆಯ ಒಂದು ವ್ಯವಹಾರದ ಬೆಲೆಯೆಂದು ತಿಳಿಯಬಾರದು. ನಮ್ಮ ವಿನಿಮಯಕೇಂದ್ರಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿಯಂತೆ ಅದು ಕಡೆಯ ಅರ್ಧಗಂಟೆಯ ವ್ಯವಹಾರಗಳನ್ನು ಪ್ರಮಾಣಾನುಸಾರ ತೂಗಿ ತೆಗೆದ ಸರಾಸರಿ. ಕೊಂಡವರ ಸಂಖ್ಯೆಯೂ ಷೇರುಗಳ ಮೊತ್ತವೂ ತೀರ ಕಡಮೆಯಾಗಿರುವ ಕಂಪೆನಿಗಳಲ್ಲಿ ಐದನೆಯ ಅಂಕಣವನ್ನು ನೋಡದೆ ಮೊದಲಿನ ನಾಲ್ಕನ್ನು ನಂಬುವುದು ಏಕಮಾತ್ರ ಜೀರ್ಣಪ್ರತಿಯನ್ನು ನೆಚ್ಚಿ ಗ್ರಂಥವನ್ನು ಮುದ್ರಿಸಿದಂತಾಗುತ್ತದೆ.

ಪಾಠಭೇದವು ಹುಟ್ಟುವುದು ಷೇರಿನ ಸ್ವರೂಪವೇ ಬದಲಾಗುವುದರಿಂದ. ಒಂದು ರೊಟ್ಟಿಯನ್ನು ಎರಡು ಹೋಳು ಮಾಡಿದರೆ ರೊಟ್ಟಿ ಹೆಚ್ಚುವುದಿಲ್ಲ, ಹೋಳು ಚಿಕ್ಕದಾಗುತ್ತದೆ. ಕಂಪೆನಿಯು ಒಂದಕ್ಕೊಂದರಂತೆ ಬೋನಸ್ ಷೇರು ಕೊಟ್ಟಾಗ, ಇಲ್ಲವೆ ಹತ್ತು ರೂಪಾಯಿ ಮುಖಬೆಲೆಯ ಷೇರನ್ನು ಐದೈದರ ಎರಡಾಗಿ ಒಡೆದಾಗ, ಆಗುವುದೂ ಇಷ್ಟೇ. ನಿಗದಿಯಾದ ದಿನ ಬೆಳಗಾದೊಡನೆ ಪೇಟೆಯ ಬೆಲೆ ಅರ್ಧಕ್ಕೆ ನಿಲ್ಲುತ್ತದೆ. ಇಟ್ಟುಕೊಂಡವನ ಕೈಯಲ್ಲಿ ಷೇರುಗಳು ಇಮ್ಮಡಿಯಾಗಿರುತ್ತವೆ. ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಪಟ್ಟಿಯನ್ನು ಇದ್ದಂತೆಯೇ ಓದುವವನಿಗೆ ಆ ದಿನ ಮಹಾಪತನವಾದಂತೆ ಕಾಣುತ್ತದೆ. ಈ ಭ್ರಾಂತಿಯನ್ನು ನಿವಾರಿಸಲು ಪಟ್ಟಿಯನ್ನು ಕಟ್ಟುವವರು ಆ ದಿನಕ್ಕೆ ಹಿಂದಿನ ಬೆಲೆಗಳನ್ನೆಲ್ಲ ಎರಡರಿಂದ ಭಾಗಿಸಿ ಬರೆಯುತ್ತಾರೆ. ಇದನ್ನು ಶೋಧಿತ ಪಾಠವೆಂದೂ, ಆಯಾ ದಿನ ನಿಜವಾಗಿ ನಡೆದ ಬೆಲೆಯನ್ನು ಮೂಲಪಾಠವೆಂದೂ ಕರೆಯೋಣ.

ಇನ್‌ಫೋಸಿಸ್ಸಿನ ಚರಿತ್ರೆಯಲ್ಲಿ ಇಂಥ ಸಂದರ್ಭಗಳು ಒಂಬತ್ತು. ೧೯೯೪, ೧೯೯೭, ೧೯೯೯ರಲ್ಲಿ ಒಂದಕ್ಕೊಂದರಂತೆ ಬೋನಸ್. ೨೦೦೦ದಲ್ಲಿ ಷೇರು ಒಡೆದು ಎರಡಾಯಿತು. ೨೦೦೪ರಲ್ಲಿ ಒಂದಕ್ಕೆ ಮೂರು ಬೋನಸ್, ಎಂದರೆ ಒಂದು ಷೇರು ನಾಲ್ಕಾಯಿತು. ಮತ್ತೆ ೨೦೦೬, ೨೦೧೪, ೨೦೧೫, ೨೦೧೮ರಲ್ಲಿ ಒಂದಕ್ಕೊಂದು. ೨೦೦೪ರದನ್ನು ಎರಡು ದ್ವಿಗುಣಗಳೆಂದು ಎಣಿಸಿದರೆ ಒಟ್ಟು ಹತ್ತು ದ್ವಿಗುಣಗಳು. ಛಂದಶ್ಶಾಸ್ತ್ರವನ್ನು ಓದಿದವರಿಗೆ ಈ ಲೆಕ್ಕವು ಹೊಸದಲ್ಲ. ಅಕ್ಷರವೊಂದು ಹೆಚ್ಚಿದಂತೆಲ್ಲ ಪ್ರಸ್ತಾರವು ಇಮ್ಮಡಿಯಾಗುತ್ತ ಹೋಗಿ ಹತ್ತಕ್ಷರದ ಪಂಕ್ತಿ ಛಂದಸ್ಸಿನಲ್ಲಿ ೧,೦೨೪ ವೃತ್ತಗಳಾಗುವುವಷ್ಟೆ. ಇಲ್ಲಿಯೂ ೧೯೯೩ರ ಒಂದು ಷೇರು ಇಂದು ೧,೦೨೪ ಷೇರುಗಳು. ಆಗ ೯,೫೦೦ ರೂಪಾಯಿ ಕೊಟ್ಟು ನೂರು ಷೇರು ಕೊಂಡು ಮಾರದೆ ಉಳಿಸಿಕೊಂಡವನ ಹತ್ತಿರ ೧,೦೨,೪೦೦ ಷೇರುಗಳಿವೆ. ೯೫ನ್ನು ೧,೦೨೪ರಿಂದ ಭಾಗಿಸಿದರೆ ಬರುವುದೇ ಮೊದಲು ಹೇಳಿದ ಒಂಬತ್ತು ಪೈಸೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸತಕ್ಕದ್ದು. ಗ್ರಂಥಸಂಪಾದಕನು ಒಮ್ಮೆ ಪಾಠವನ್ನು ನಿರ್ಣಯಿಸಿ ಮುದ್ರಿಸಿದರೆ ಅದು ನಿಲ್ಲುತ್ತದೆ. ಈ ಶೋಧಿತ ಪಾಠವಾದರೋ ಎಂದಿಗೂ ನಿಲ್ಲುವುದಿಲ್ಲ. ಮುಂದೆ ಆಗುವ ಬೋನಸ್ಸು ಹಿಂದಿನ ಬೆಲೆಗಳನ್ನು ತಿದ್ದುತ್ತದೆ. ೨೦೧೭ನೆಯ ಇಸವಿ ಆಗಸ್ಟ್ ೧೮ರಂದು ಆ ಕಂಪೆನಿಯ ಮುಖ್ಯಾಧಿಕಾರಿಗಳಾಗಿದ್ದ ವಿಶಾಲ್ ಸಿಕ್ಕಾ ಅವರು ರಾಜೀನಾಮೆಯಿತ್ತಾಗ ಬೆಲೆಯು ಸುಮಾರು ಹತ್ತನೆಯ ಒಂದು ಪಾಲು ಇಳಿದು ೯೨೦ ರೂಪಾಯಿಗಳ ಆಸುಪಾಸಿನಲ್ಲಿ ಮುಗಿಯಿತು. ಮರುದಿನ ಕಂಪೆನಿಯು ತನ್ನ ಷೇರುಗಳನ್ನು ತಲಾ ೧,೧೫೦ ರೂಪಾಯಿಗೆ ಮರಳಿ ಕೊಳ್ಳುವುದಾಗಿ ಪ್ರಕಟಿಸಿತು. ಅಂದಿನ ದಿನಪತ್ರಿಕೆಗಳಲ್ಲಿ ಈ ಅಂಕಿಗಳೇ ಇವೆ. ಇಂದಿನ ಪಟ್ಟಿಯಲ್ಲಿ ಆ ದಿನದ ಮುಂದೆ ೪೬೦ರ ಸಮೀಪದ ಅಂಕಿಯಿದೆ. ಏಕೆಂದರೆ ೨೦೧೮ರ ಬೋನಸ್ಸು ಮಧ್ಯೆ ಬಂದಿದೆ. ಇದನ್ನು ತಿಳಿಯದೆ ಎರಡನ್ನೂ ಪಕ್ಕದಲ್ಲಿಟ್ಟು ನೋಡುವವನು, ೪೬೦ ರೂಪಾಯಿಯ ಷೇರಿಗೆ ಕಂಪೆನಿಯು ೧,೧೫೦ ಕೊಟ್ಟಿತೆಂದು ಬೆರಗಾದಾನು. ಹೀಗೆ ಬೆರಗಾಗಿ ಲೇಖನ ಬರೆದವರೂ ಇಲ್ಲದಿಲ್ಲ.

ಬೋನಸ್ಸಿನ ಲೆಕ್ಕವು ಸುಲಭ. ಕಂಪೆನಿಯು ಒಡೆದು ಎರಡಾದಾಗ ತೊಡಕು ಹೆಚ್ಚು. ರಿಲಯನ್ಸ್ ಇಂಡಸ್ಟ್ರೀಸ್ ಕಂಪೆನಿಯು ೨೦೨೩ನೆಯ ಇಸವಿ ಜುಲೈ ೧೯ರಂದು ರಾಷ್ಟ್ರೀಯ ವಿನಿಮಯಕೇಂದ್ರದಲ್ಲಿ ೨,೮೪೧.೮೫ ರೂಪಾಯಿಗೆ ಮುಗಿಯಿತು. ಮರುದಿನ ಅದರ ಹಣಕಾಸಿನ ಶಾಖೆಯು ಜಿಯೋ ಫೈನಾನ್ಷಿಯಲ್ ಎಂಬ ಬೇರೆ ಕಂಪೆನಿಯಾಗಿ ಹೊರಬಂದಿತು. ಬೆಳಗಿನ ವಿಶೇಷ ವ್ಯವಹಾರದಲ್ಲಿ ಮೂಲಕಂಪೆನಿಗೆ ೨,೫೮೦ ರೂಪಾಯಿ ಬೆಲೆ ನಿಂತಿತು. ಕಳೆದು ಉಳಿದ ೨೬೧.೮೫ ರೂಪಾಯಿಯೇ ಹೊಸದರ ಬೆಲೆಯೆಂದು ಗಣಿಸಲಾಯಿತು. ಇಟ್ಟುಕೊಂಡವನಿಗೆ ಎರಡೂ ದೊರೆತುವಾದ್ದರಿಂದ ನಷ್ಟವಿಲ್ಲ. ಆಮೇಲೆ ೨೦೨೪ರ ಅಕ್ಟೋಬರಿನಲ್ಲಿ ಒಂದಕ್ಕೊಂದರಂತೆ ಬೋನಸ್ಸೂ ಬಂದಿತು. ಹೀಗಾಗಿ ಜುಲೈ ೧೯ರ ಆ ಒಂದು ಬೆಲೆಗೆ ಈಗ ಮೂರು ಪಾಠಗಳು ಸಾಧ್ಯ: ಮೂಲಪಾಠವು ೨,೮೪೧.೮೫, ಬೋನಸ್ಸಿಗೆ ಮಾತ್ರ ಶೋಧಿಸಿದ್ದು ೧,೪೨೦.೯೩, ವಿಭಜನೆಗೂ ಶೋಧಿಸಿದ್ದು ೧,೨೯೦. ಎರಡನೆಯ ಪಾಠವನ್ನಿಟ್ಟುಕೊಂಡವನಿಗೆ ಜುಲೈ ೨೦ರ ಬೆಳಿಗ್ಗೆ ನೂರಕ್ಕೆ ಒಂಬತ್ತಕ್ಕಿಂತ ಹೆಚ್ಚಿನ ಇಳಿತ ಕಾಣುತ್ತದೆ, ಮೂರನೆಯದನ್ನಿಟ್ಟುಕೊಂಡವನಿಗೆ ಕಾಣುವುದೇ ಇಲ್ಲ. ಪಟ್ಟಿಯನ್ನು ಪ್ರಕಟಿಸುವವರು ತಾವು ಯಾವ ಕ್ರಮವನ್ನು ಅನುಸರಿಸಿದೆವೆಂದು ಪೀಠಿಕೆಯಲ್ಲಿ ಹೇಳದಿರುವುದು ದೊಡ್ಡ ದೋಷವೆಂದೇ ನನ್ನ ಅಭಿಪ್ರಾಯ. ನಮ್ಮಲ್ಲಿ ಪ್ರತಿಗಳ ವಿವರವಿಲ್ಲದೆ ಕಾವ್ಯವನ್ನು ಅಚ್ಚುಹಾಕಿಸಿದವರನ್ನು ವಿಮರ್ಶಕರು ಸುಮ್ಮನೆ ಬಿಟ್ಟಾರೆಯೆ?

ಹಾಲಿ ಷೇರುದಾರರಿಗೆ ಕಡಮೆ ಬೆಲೆಯಲ್ಲಿ ಹೊಸ ಷೇರು ಕೊಡುವ ಹಕ್ಕಿನ ಷೇರುಗಳಿಗೂ ಇಂಥದೇ ಶೋಧನೆಯುಂಟು. ೩೦೦ ರೂಪಾಯಿಯ ಎರಡು ಷೇರುಗಳಿರುವವನಿಗೆ ೧೫೦ಕ್ಕೆ ಒಂದು ಹೊಸದು ದೊರೆತರೆ ಮೂರರ ಮೊತ್ತ ೭೫೦, ಒಂದಕ್ಕೆ ೨೫೦. ಆದ್ದರಿಂದ ಹಿಂದಿನ ಬೆಲೆಗಳನ್ನು ಆರರಲ್ಲಿ ಐದು ಪಾಲಿಗೆ ಇಳಿಸಬೇಕು. ಇದರ ವಿಸ್ತಾರ ಇಲ್ಲಿ ಅನಾವಶ್ಯಕ.

ಲಾಭಾಂಶದ ವಿಚಾರದಲ್ಲಿ ಮಾತ್ರ ಪಟ್ಟಿಕಾರರಲ್ಲಿ ನಿಜವಾದ ಮತಭೇದವಿದೆ. ೨೦೦ ರೂಪಾಯಿಯ ಷೇರಿಗೆ ೧೦ ರೂಪಾಯಿ ಲಾಭಾಂಶವನ್ನು ಕೊಟ್ಟರೆ ಬೆಲೆಯು ಸುಮಾರು ಅಷ್ಟು ಇಳಿಯುವುದು ನ್ಯಾಯವೇ. ಹಣವು ಕಂಪೆನಿಯ ಪೆಟ್ಟಿಗೆಯಿಂದ ಷೇರುದಾರನ ಕೈಗೆ ಬಂದಿತಷ್ಟೆ. ಕೆಲವರು ಇದನ್ನು ಗಣನೆಗೆ ತರುವುದಿಲ್ಲ. ಮತ್ತೆ ಕೆಲವರು ಹಿಂದಿನ ಬೆಲೆಗಳನ್ನೆಲ್ಲ ೨೦೦ಕ್ಕೆ ೧೯೦ರ ಪ್ರಮಾಣದಲ್ಲಿ ತಗ್ಗಿಸುತ್ತಾರೆ. ಷೇರಿನಿಂದ ಬಂದ ಒಟ್ಟು ಪ್ರತಿಫಲವನ್ನು ತಿಳಿಯಬೇಕಾದವನಿಗೆ ಎರಡನೆಯ ಕ್ರಮವೇ ಸರಿ. ಆದರೆ ಆ ಪಟ್ಟಿಯಲ್ಲಿರುವ ಹಳೆಯ ಅಂಕಿಗಳು ಯಾರೂ ಯಾವ ದಿನವೂ ಕೊಟ್ಟ ಬೆಲೆಗಳಲ್ಲವೆಂಬುದನ್ನು ಮರೆಯಬಾರದು. ಲಾಭಾಂಶದ ಅಂಕಿಯನ್ನೂ ಷೇರಿನ ಸಂಖ್ಯೆಗೆ ಹೊಂದಿಸಿಕೊಳ್ಳಬೇಕು. ಇನ್‌ಫೋಸಿಸ್ ೨೦೦೪ರಲ್ಲಿ ಷೇರಿಗೆ ೧೦೦ ರೂಪಾಯಿಯ ವಿಶೇಷ ಲಾಭಾಂಶವನ್ನು ಕೊಟ್ಟಿತು. ಆ ಒಂದು ಷೇರು ಈಗ ೬೪ ಆಗಿರುವುದರಿಂದ ಇಂದಿನ ಲೆಕ್ಕದಲ್ಲಿ ಅದು ಒಂದು ರೂಪಾಯಿ ಐವತ್ತಾರು ಪೈಸೆ. ಶಾಸನಗಳಲ್ಲಿ ಮತ್ತರು, ಕೊಳಗ ಎಂದು ಓದಿದಾಗ ಯಾವ ಊರಿನ ಕೋಲು, ಯಾವ ಊರಿನ ಕೊಳಗವೆಂದು ಕೇಳುವುದಿಲ್ಲವೆ? ರೂಪಾಯಿಯೆಂದು ಓದಿದಾಗಲೂ ಯಾವ ಕಾಲದ ಷೇರಿಗೆ ಎಂದು ಕೇಳುವುದು ಅಷ್ಟೇ ಅಗತ್ಯ.

ಹಾಗಾದರೆ ಶೋಧಿತ ಪಾಠವೇ ಸರ್ವತ್ರ ಗ್ರಾಹ್ಯವೋ ಎಂದರೆ, ಅಲ್ಲ. ಕೆಲವು ಕಡೆ ಅದು ಹಾನಿಕರ. ೨೦೧೮ನೆಯ ಇಸವಿಯ ಹಣಕಾಸಿನ ಕಾಯಿದೆಯು ದೀರ್ಘಕಾಲ ಇಟ್ಟುಕೊಂಡ ಷೇರುಗಳ ಲಾಭಕ್ಕೆ ತೆರಿಗೆಯನ್ನು ಮರಳಿ ವಿಧಿಸಿದಾಗ, ಅದೇ ವರ್ಷ ಜನವರಿ ೩೧ರವರೆಗೆ ಆದ ವೃದ್ಧಿಯನ್ನು ವಿನಾಯಿತಿಗೆ ಸೇರಿಸಿತು. ಅದಕ್ಕೆ ಮೊದಲೇ ಕೊಂಡಿದ್ದ ಷೇರಿಗೆ, ಆ ದಿನದ ಉಚ್ಚ ಬೆಲೆ, ಮಾರಿದ ಬೆಲೆ, ಇವೆರಡರಲ್ಲಿ ಕಡಮೆಯಾದದ್ದನ್ನು ತೆಗೆದುಕೊಂಡು, ಅದು ನಿಜವಾಗಿ ಕೊಂಡ ಬೆಲೆಗಿಂತ ಹೆಚ್ಚಾಗಿದ್ದರೆ ಅದನ್ನೇ ಅಸಲೆಂದು ಗಣಿಸಬಹುದು. ಒಬ್ಬನಲ್ಲಿ ಬಹು ಹಿಂದೆ ಅಲ್ಪಬೆಲೆಗೆ ಕೊಂಡ ನೂರು ಷೇರುಗಳಿದ್ದು, ಆ ದಿನದ ಉಚ್ಚ ಬೆಲೆ ೧,೦೦೦ ಆಗಿತ್ತೆಂದೂ, ತರುವಾಯ ಒಂದಕ್ಕೊಂದು ಬೋನಸ್ ಬಂದು ಇನ್ನೂರೂ ತಲಾ ೭೦೦ ರೂಪಾಯಿಗೆ ಮಾರಿದವೆಂದೂ ಊಹಿಸೋಣ. ಮೂಲದ ನೂರು ಷೇರುಗಳಿಗೆ ಅಸಲು ೭೦೦, ಲಾಭವಿಲ್ಲ. ಆ ದಿನದ ಅನಂತರ ಬಂದ ಬೋನಸ್ ನೂರಕ್ಕೆ ಅಸಲು ಸೊನ್ನೆ. ಲಾಭ ಪೂರ್ತಿ ೭೦,೦೦೦. ಶೋಧಿತ ಪಟ್ಟಿಯಲ್ಲಿ ಆ ದಿನದ ಬೆಲೆ ೫೦೦ ಎಂದಿರುವುದನ್ನು ನೋಡಿ ಲೆಕ್ಕವಿಟ್ಟವನು ಮೂಲದ ನೂರರಲ್ಲಿ ಇಲ್ಲದ ೨೦,೦೦೦ ಲಾಭವನ್ನು ತೋರಿಸುತ್ತಾನೆ. ಬೋನಸ್ಸಿಗೂ ಅದೇ ೫೦೦ನ್ನು ಹಚ್ಚಿದರೆ ಇರುವ ಲಾಭದಲ್ಲಿ ೫೦,೦೦೦ವನ್ನು ಮರೆಮಾಡುತ್ತಾನೆ. ಒಂದೇ ತಪ್ಪು ಪಾಠದಿಂದ ಎರಡು ವಿರುದ್ಧ ದೋಷಗಳು. ಕೊಂಡ ಲೆಕ್ಕ, ತೆರಿಗೆ, ದಾಯಭಾಗ, ಹಳೆಯ ವರ್ತಮಾನಗಳ ಪರಿಶೀಲನೆ, ಇವುಗಳಲ್ಲಿ ಮೂಲಪಾಠವೇ ಪ್ರಮಾಣ. ಬೆಳವಣಿಗೆಯನ್ನು ಅಳೆಯುವಲ್ಲಿ ಮಾತ್ರ ಶೋಧಿತವು ಪ್ರಮಾಣ.

ಅಳೆಯುವಾಗಲೂ ಅಂತರವನ್ನಲ್ಲ, ಅನುಪಾತವನ್ನು ನೋಡಬೇಕು. ನೂರು ಐವತ್ತಾದರೆ ಅರ್ಧ ನಷ್ಟ. ಐವತ್ತು ಮತ್ತೆ ನೂರಾಗಬೇಕಾದರೆ ಇಮ್ಮಡಿ ಬೆಳೆಯಬೇಕು. ಇನ್‌ಫೋಸಿಸ್ಸಿನ ಬೆಲೆಯು ೨೦೦೩ನೆಯ ಇಸವಿ ಏಪ್ರಿಲ್ ೧೦ರಂದು, ಮುಂದಿನ ವರ್ಷದ ಅಂದಾಜು ನಿರೀಕ್ಷೆಗಿಂತ ಕಡಮೆಯಾಯಿತೆಂದು, ಒಂದೇ ದಿನದಲ್ಲಿ ಸುಮಾರು ಕಾಲುಭಾಗ ಕುಸಿಯಿತು. ಇಂದು ಸಮಾನ ಅಂತರದ ಗೆರೆಗಳ ಮೇಲೆ ಬರೆದ ಚಿತ್ರದಲ್ಲಿ ಆ ದಿನವು ಇರುವೆಯ ಹೆಜ್ಜೆಯಷ್ಟೂ ಕಾಣುವುದಿಲ್ಲ. ಗುಣೋತ್ತರ ಕ್ರಮದಲ್ಲಿ, ಎಂದರೆ ಒಂದರಿಂದ ಎರಡಕ್ಕೂ ನೂರರಿಂದ ಇನ್ನೂರಕ್ಕೂ ಸಮನಾದ ಎತ್ತರವಿಟ್ಟು ಬರೆದ ಚಿತ್ರದಲ್ಲಿ, ಅದು ಇದ್ದಷ್ಟೇ ಆಳವಾಗಿ ಕಾಣುತ್ತದೆ.

ಇನ್ನು ಈ ಪಟ್ಟಿಗಳಿಂದ ಮುಂದಿನದನ್ನು ಊಹಿಸುವವರ ಮಾತು. ಇಂದಿನ ಬೆಲೆಯನ್ನು ಉದಾಹರಣೆಗೆ ೧,೫೦೦ ಎಂದಿಟ್ಟುಕೊಂಡರೆ, ೧೯೯೩ರ ೯,೫೦೦ ರೂಪಾಯಿಯು ೧೫ ಕೋಟಿ ೩೬ ಲಕ್ಷವಾಯಿತು. ಮೂವತ್ತೆರಡು ವರ್ಷಗಳಿಗೆ ಹಂಚಿದರೆ ಚಕ್ರಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ಮೂವತ್ತೈದು, ಲಾಭಾಂಶಗಳನ್ನು ಬಿಟ್ಟು. ಇದನ್ನು ಹೇಳಿ ಜನರನ್ನು ಪೇಟೆಗೆ ಕರೆಯುವವರು ಅದೇ ಕಾಲದಲ್ಲಿ ಜನರಿಂದ ಹಣವೆತ್ತಿ ಕಾಣೆಯಾದ ಕಂಪೆನಿಗಳ ಪಟ್ಟಿಯನ್ನು ಹೇಳುವುದಿಲ್ಲ. ಅವು ಎಷ್ಟಾದುವೆಂದರೆ ಸರ್ಕಾರವೇ ಅವುಗಳಿಗೆ ‘ಕಣ್ಮರೆಯಾದ ಕಂಪೆನಿಗಳು’ ಎಂಬ ವರ್ಗವನ್ನು ಮಾಡಬೇಕಾಯಿತು. ಇನ್‌ಫೋಸಿಸ್ಸಿನ ಮೊದಲ ಷೇರುಗಳಿಗೂ ೧೯೯೩ರಲ್ಲಿ ಸಾಕಷ್ಟು ಜನ ಮುಂದೆ ಬರಲಿಲ್ಲ. ಯಾವುದು ಉಳಿಯುವುದೆಂದು ಆಗ ತಿಳಿದವರಿರಲಿಲ್ಲ. ಹೈದರಾಬಾದಿನ ಸತ್ಯಂ ಕಂಪೆನಿಯು ಮುಂಬಯಿ ಸೂಚ್ಯಂಕದ ಮೂವತ್ತರಲ್ಲಿ ಒಂದಾಗಿತ್ತು. ೨೦೦೯ನೆಯ ಇಸವಿ ಜನವರಿ ೭ರಂದು ಅದರ ಅಧ್ಯಕ್ಷರಾಗಿದ್ದ ರಾಮಲಿಂಗ ರಾಜು ಅವರು ಲೆಕ್ಕಗಳು ಸುಳ್ಳೆಂದು ಒಪ್ಪಿಕೊಂಡಾಗ, ಬೆಲೆಯು ಅದೇ ದಿನ ಮುಕ್ಕಾಲಿಗಿಂತ ಹೆಚ್ಚು ಕುಸಿಯಿತು. ೨೦೧೩ರಲ್ಲಿ ಆ ಕಂಪೆನಿಯು ಟೆಕ್ ಮಹೀಂದ್ರದಲ್ಲಿ ಸೇರಿಹೋಯಿತು. ಇಂದು ಬದುಕಿರುವ ಕಂಪೆನಿಗಳ ಪಟ್ಟಿಯನ್ನು ತೆರೆದವನಿಗೆ ಆ ಬೆಲೆಗಳು ಕಾಣಸಿಗುವುದೇ ಇಲ್ಲ. ಉಳಿದುಬಂದ ಓಲೆಗಳನ್ನಷ್ಟೇ ನೋಡಿ ಅಂದಿನ ಕವಿಗಳೆಲ್ಲ ಮಹಾಕವಿಗಳೇ ಎಂದಂತೆ.

‘ಮೂರು ವರ್ಷ ಏರಿದೆ, ಆದಕಾರಣ ಏರುವುದು’ ಎಂಬ ಅನುಮಾನದಲ್ಲಿ ವ್ಯಾಪ್ತಿಯಿಲ್ಲ. ಬೆಂಕಿಯಿಂದ ಹೊಗೆಯನ್ನು ಊಹಿಸುವವನಿಗೆ ಹಸಿಸೌದೆಯು ಉಪಾಧಿಯಾದಂತೆ ಇಲ್ಲಿ ಕಂಪೆನಿಯ ನಿಜವಾದ ಗಳಿಕೆಯು ಉಪಾಧಿ. ಅದು ಬೆಲೆಯ ಪಟ್ಟಿಯಲ್ಲಿರುವುದಿಲ್ಲ, ಸತ್ಯಂನಲ್ಲಿ ಲೆಕ್ಕಪತ್ರದಲ್ಲಿಯೂ ಇರಲಿಲ್ಲ. ಲೂಯಿ ಬಾಷೆಲಿಯೆ ಎಂಬ ಫ್ರೆಂಚ್ ಗಣಿತಜ್ಞನು ೧೯೦೦ದಲ್ಲಿಯೇ ಪ್ಯಾರಿಸ್ಸಿನ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ ಬೆಲೆಯ ಚಲನೆಯನ್ನು ಸಂಭವಗಣಿತದಿಂದ ವಿಚಾರಿಸಿ, ಕೊಳ್ಳುವವನಿಗೂ ಮಾರುವವನಿಗೂ ನಿರೀಕ್ಷಿತ ಲಾಭವು ಸೊನ್ನೆಯೆಂಬ ನೆಲೆಯಿಂದ ಹೊರಟನು. ಹಳೆಯ ಪಟ್ಟಿಯು ಬೆಲೆಯು ಎಷ್ಟು ತೂಗಾಡಬಲ್ಲದೆಂದು ಹೇಳುವುದುಂಟು. ಎತ್ತ ತೂಗುವುದೆಂದು ಹೇಳುವ ಶಕ್ತಿ ಅದಕ್ಕಿದೆಯೆಂದು ನನಗೆ ತೋರುವುದಿಲ್ಲ.

ಮೂಲಪಾಠವು ದೊರೆಯುವ ಸ್ಥಾನವನ್ನು ಹೇಳಿ ಮುಗಿಸುತ್ತೇನೆ. ವಿನಿಮಯಕೇಂದ್ರಗಳು ಪ್ರತಿದಿನ ವ್ಯವಹಾರ ಮುಗಿದ ಮೇಲೆ ಪ್ರಕಟಿಸುವ ಪತ್ರಕ್ಕೆ ಭಾವ್‌ಕಾಪಿಯೆಂದು ಹೆಸರು. ಗುಜರಾತಿ ಮರಾಠಿಗಳಲ್ಲಿ ಭಾವವೆಂದರೆ ದರ. ನಮ್ಮ ವ್ಯಾಕರಣ ಅಲಂಕಾರಗಳ ಭಾವವಲ್ಲ. ಅಂದಂದಿನ ಭಾವ್‌ಕಾಪಿಯಲ್ಲಿ ಅಂದಂದಿನ ಬೆಲೆಯೇ ಇರುತ್ತದೆ, ಅನಂತರದ ಬೋನಸ್ಸುಗಳು ಅದನ್ನು ಮುಟ್ಟುವುದಿಲ್ಲ. ಶೋಧಿತ ಪಟ್ಟಿಯಿಂದ ಅಂಕಿಯನ್ನು ಉದ್ಧರಿಸುವವರು, ಯಾವ ಪಟ್ಟಿ, ಯಾವ ದಿನ ನೋಡಿದ್ದು ಎಂಬೆರಡನ್ನೂ ಪಕ್ಕದಲ್ಲಿ ಬರೆದಿಡಬೇಕು. ರಾಷ್ಟ್ರೀಯ ವಿನಿಮಯಕೇಂದ್ರದಲ್ಲಿ ಷೇರುಗಳ ಯಂತ್ರವ್ಯವಹಾರವು ಮೊದಲಾದದ್ದು ೧೯೯೪ರಲ್ಲಿ. ಮುಂಬಯಿಯ ಹಳೆಯ ಪೇಟೆಯು ೧೯೯೫ರಲ್ಲಿ ಅದೇ ಕ್ರಮಕ್ಕೆ ಬಂದಿತು. ಅದಕ್ಕೂ ಹಿಂದಿನ ಬೆಲೆಗಳಿಗೆ ದಿನಪತ್ರಿಕೆಗಳ ಕಡತಗಳೇ ಮಾತೃಕೆಗಳು. ೧೯೧೩ರ ಮೈಸೂರು ಬ್ಯಾಂಕು, ೧೯೩೩ರ ಮಂಡ್ಯದ ಸಕ್ಕರೆ ಕಂಪೆನಿ, ೧೯೩೬ರ ಭದ್ರಾವತಿಯ ಕಾಗದದ ಕಾರ್ಖಾನೆ, ಇವುಗಳ ಷೇರುಬೆಲೆಗಳನ್ನು ಹುಡುಕುವವರು ಪುಸ್ತಕಭಂಡಾರಗಳ ಆ ಕಡತಗಳನ್ನೇ ತೆರೆಯಬೇಕು. ಕಾಗದವು ಹುಡಿಯಾಗುವುದಕ್ಕೆ ಮುಂಚೆ ಅವನ್ನು ಪ್ರತಿಮಾಡಿಡುವ ವಿದ್ಯಾರ್ಥಿಗಳು ಮುಂದೆ ಬಂದರೆ, ಲೆಕ್ಕದ ಭಾಗವನ್ನು ತಾಳೆನೋಡಿ ಕೊಡಲು ನಾನು ಸಿದ್ಧನಾಗಿದ್ದೇನೆ.